ಕೆಲಸ ಹುಡುಕುವವರ ಕಾದಂಬರಿ ಎಲ್ಲಿ?

ನಮ್ಮ ಕಾದಂಬರಿಗಳಲ್ಲಿ ಉದ್ಯೋಗವೆಂಬುದು ಬಹುಮಟ್ಟಿಗೆ ಕಥೆ ಆರಂಭವಾಗುವ ಮೊದಲೇ ತೀರಿಹೋದ ಸಂಗತಿ. ನಾಯಕನು ಗುಮಾಸ್ತನೋ ಅಧ್ಯಾಪಕನೋ ಅಧಿಕಾರಿಯೋ ಆಗಿಯೇ ಮೊದಲನೆಯ ಪುಟಕ್ಕೆ ಕಾಲಿಡುತ್ತಾನೆ. ಅವನು ಪ್ರೀತಿಸುತ್ತಾನೆ, ಮದುವೆಯಾಗುತ್ತಾನೆ, ಬಿಟ್ಟು ಬಂದ ಊರನ್ನು ನೆನೆದು ಕೊರಗುತ್ತಾನೆ. ಸಂಬಳ ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಆ ಕೆಲಸ ಅವನಿಗೆ ಹೇಗೆ ದೊರೆಯಿತು, ದೊರೆಯುವ ತನಕ ಅವನು ಏನಾಗಿದ್ದನು ಎಂಬುದನ್ನು ನಮ್ಮ ಲೇಖಕರು ಹೇಳುವುದು ವಿರಳ. ಇದೊಂದು ಕೊರತೆಯೆಂದು ನನಗೆ ಹೊಳೆದದ್ದು ಈಚೆಗೆ, ಒಬ್ಬ ಹುಡುಗಿಯ ಮಾತಿನಿಂದ.

ಆಕೆಯ ತಂದೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ಮಗಳು ಸಂವಹನದಲ್ಲಿ ಪದವಿ ಪಡೆದು ಒಂದು ವರ್ಷವಾಗಿತ್ತು. ಪೀಣ್ಯಕ್ಕೆ 2014ರಲ್ಲಿ ಬಂದ ಮೆಟ್ರೋ ರೈಲು 2023ರಲ್ಲಿ ನಗರದೊಳಗಿನಿಂದ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟಿತು. ಹೀಗಾಗಿ ಅರ್ಜಿ ಹಿಡಿದು ಅಲೆಯುವವರಿಗೆ ದಾರಿಯೇನೋ ಸುಗಮವಾಗಿದೆ. “ನಮ್ಮಂಥವರ ಕಥೆ ಕನ್ನಡದಲ್ಲಿ ಇದೆಯೆ, ಮೇಷ್ಟ್ರೆ?” ಎಂದು ಆಕೆ ಕೇಳಿದಳು. ನಾನು ಎರಡು ಪುಸ್ತಕ ಕೊಟ್ಟೆ: ಯಶವಂತ ಚಿತ್ತಾಲರ ‘ಶಿಕಾರಿ’ (1979) ಮತ್ತು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013).

ಆಯ್ಕೆ ಸುಮ್ಮನೆ ಮಾಡಿದ್ದಲ್ಲ. ಚಿತ್ತಾಲರು ಮುಂಬಯಿಯ ಕೈಗಾರಿಕೆಯಲ್ಲಿ ಸ್ವತಃ ದುಡಿದವರು. ಕಂಪನಿಯ ಒಳಗನ್ನು ಬಲ್ಲವರು. ಆರೋಪವೇನೆಂಬುದೇ ಸ್ಪಷ್ಟವಾಗದೆ ಕೆಲಸದಿಂದ ದೂರ ನಿಲ್ಲಬೇಕಾಗಿ ಬಂದ ನಾಗಪ್ಪನ ದಿಗಿಲನ್ನು ಅವರು ಬಗೆದು ತೋರಿಸಿರುವ ರೀತಿ ಕನ್ನಡದಲ್ಲಿ ಅಪೂರ್ವವಾದದ್ದು. ಅಲ್ಲಿ ಒಂದು ಪತ್ರದ ನಾಲ್ಕು ಸಾಲು ಮನುಷ್ಯನ ಬುಡವನ್ನೇ ಅಲ್ಲಾಡಿಸಬಲ್ಲುದು. ಆಡಳಿತದ ಭಾಷೆ ಬೇಟೆಯ ಆಯುಧವಾಗುವ ಬಗೆ ಅದು. ಶಾನಭಾಗರ ಕಾದಂಬರಿಯಲ್ಲಿ ಇದರ ಇನ್ನೊಂದು ಮುಖವಿದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾದ ಮನೆಯ ನಿರೂಪಕನಿಗೆ ಹುದ್ದೆಯುಂಟು, ಹಣವುಂಟು, ಮಾಡಲು ಕೆಲಸವಿಲ್ಲ. ಆ ಸುಳ್ಳು ಅವನ ದಾಂಪತ್ಯವನ್ನು ತಿನ್ನುತ್ತದೆ. ಕೃತಿಗೆ ಹೆಸರಾದ ಮಾತು ಹೆಂಡತಿಯ ತವರಿನಲ್ಲಿ ಹುಟ್ಟಿದ್ದು. ಬಿಡಿಸಲಾರದ ಸಿಕ್ಕು ಎಂದು ಅದರ ಅರ್ಥ, ಯಾವ ನಿಘಂಟಿನಲ್ಲೂ ಇಲ್ಲ. ನಾಲ್ಕು ಜನರಿಗೆ ಮಾತ್ರ ತಿಳಿಯುವ ಪದವೊಂದು ಇಡೀ ಕಾದಂಬರಿಯನ್ನು ಹೊರುತ್ತದೆಂದರೆ, ಸಂವಹನವೆಂಬುದು ಪಾಠದ ಪುಸ್ತಕ ಹೇಳುವಷ್ಟು ಸರಳವಲ್ಲವೆಂದಾಯಿತು.

ಒಂದು ತಿಂಗಳ ಮೇಲೆ ಹುಡುಗಿ ಪುಸ್ತಕಗಳನ್ನು ಹಿಂದಿರುಗಿಸಿದಳು. “ಎರಡೂ ಚೆನ್ನಾಗಿವೆ. ಆದರೆ ನಾಗಪ್ಪನಿಗೆ ಕಳೆದುಕೊಳ್ಳಲು ಕೆಲಸವಾದರೂ ಇತ್ತು. ಇನ್ನೊಬ್ಬನಿಗೆ ಬೇಕೆಂದೇ ಅನ್ನಿಸಲಿಲ್ಲ. ನಾನು ಈ ಎರಡರಲ್ಲೂ ಇಲ್ಲ, ಮೇಷ್ಟ್ರೆ” ಎಂದಳು.

ವಿಮರ್ಶಕನಾಗಿ ನನಗೆ ಉತ್ತರ ಹೊಳೆಯಲಿಲ್ಲ. ಕಾದಂಬರಿ ಎಲ್ಲರ ಪಟ್ಟಿಯಲ್ಲ, ಯಾರೋ ಒಬ್ಬರು ಅದರಲ್ಲಿ ಇಲ್ಲವೆಂಬುದು ಅದರ ದೋಷವಾಗದು ಎಂದು ವಾದಿಸಬಹುದಿತ್ತು. ಆ ವಾದ ಸರಿಯೂ ಹೌದು. ಆದರೆ ಆಕೆಯ ಪ್ರಶ್ನೆ ಎರಡು ಕೃತಿಗಳ ಮೇಲಿನದಲ್ಲ, ನಮ್ಮ ಸಾಹಿತ್ಯದ ದೃಷ್ಟಿಯ ಮೇಲಿನದು. ಭಾಷೆಯನ್ನೇ ಕಸುಬಾಗಿ ಕಲಿತವರು ಭಾಷೆಯನ್ನು ಮಾರಲು ಹೊರಟಾಗ ಏನಾಗುತ್ತದೆ ಎಂಬುದನ್ನು, ಭಾಷೆಯಿಂದಲೇ ಬದುಕುವ ನಾವು ಏಕೆ ನೋಡಲಿಲ್ಲ?

ಡಿ.ವಿ.ಜಿ.ಯವರು ಪದವಿಯಿಲ್ಲದೆಯೇ ಪತ್ರಿಕೆ ನಡೆಸಿದರು. ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಆರಂಭಿಸಿದಾಗ ವಿದ್ಯೆಗೂ ವೃತ್ತಿಗೂ ನಡುವೆ ಒಂದು ನೇರ ದಾರಿ ಕಾಣುತ್ತಿತ್ತು: ಕಲಿತವನು ಪತ್ರಿಕೆಗೆ ಹೋಗುವನು. ಈಗ ಆ ದಾರಿ ಹತ್ತು ಕವಲಾಗಿದೆ. ಜನಸಂಪರ್ಕ, ಜಾಹೀರಾತು, ಯಂತ್ರದ ಕೈಪಿಡಿ, ಕಂಪನಿಯ ಒಳಸುದ್ದಿ ಇವೆಲ್ಲಕ್ಕೂ ಬರೆಯುವವರು ಬೇಕು. ಆ ಬರಹಕ್ಕೆ ಅಲ್ಲಿ ‘ಕಂಟೆಂಟ್’ ಎಂದು ಹೆಸರು. ಬರಹವಲ್ಲ, ಲೇಖನವಲ್ಲ, ಪಾತ್ರೆಗೆ ತುಂಬುವ ಪದಾರ್ಥವೆಂಬಂತೆ. ಬರೆದವರ ಹೆಸರು ಅದರ ಮೇಲೆ ಬೀಳುವುದು ಅಪರೂಪ. 2022ರ ಕೊನೆಯಿಂದೀಚೆಗೆ ಕೇಳಿದೊಡನೆ ಪುಟ ತುಂಬಿಸಿಕೊಡುವ ಯಂತ್ರಗಳೂ ಜನರ ಕೈಗೆ ಬಂದಿವೆ.

ಆಕೆ ಒಂದು ಕಡೆ ಪರೀಕ್ಷೆಗಾಗಿ ಮೂರು ಲೇಖನ ಬರೆದುಕೊಟ್ಟಳಂತೆ. ಚೆನ್ನಾಗಿವೆ ಎನ್ನಲಿಲ್ಲ, ಕೆಟ್ಟಿವೆ ಎನ್ನಲಿಲ್ಲ; ಉತ್ತರವೇ ಬರಲಿಲ್ಲ. ಇದನ್ನು ಹೇಳುವಾಗ ಆಕೆ ತಂದೆಯ ಮಾತು ತೆಗೆದಳು. ಪೀಣ್ಯದಲ್ಲಿ ಲೇತಿಗೆ ಕಟ್ಟುವ ಲೋಹದ ತುಂಡನ್ನೇ ‘ಜಾಬ್’ ಎನ್ನುತ್ತಾರೆ. ತಂದೆ ಕೆಲಸ ಕೇಳಲು ಹೋದ ದಿನ ಒಂದು ನಕಾಶೆಯನ್ನೂ ಒಂದು ತುಂಡನ್ನೂ ಕೊಟ್ಟು ಕಡೆಯಲು ಹೇಳಿದರಂತೆ. ಕಡೆದು ಮುಗಿಸಿದ ಮೇಲೆ ಮೈಕ್ರೋಮೀಟರ್ ಹಿಡಿದು ನೋಡಿದರು. ಅಳತೆ ಸರಿಯಿತ್ತು, ಮರುದಿನದಿಂದ ಬಾ ಎಂದರು. “ತಪ್ಪಿದ್ದರೆ ಎಷ್ಟು ತಪ್ಪಿದೆ ಎಂದಾದರೂ ಅಪ್ಪನಿಗೆ ತಿಳಿಯುತ್ತಿತ್ತು. ನನ್ನ ವಾಕ್ಯ ಎಲ್ಲಿ ತಪ್ಪಿತು ಎಂದು ನನಗೆ ಹೇಳುವವರಿಲ್ಲ.”

ಈ ಮಾತು ನನ್ನನ್ನು ಚುಚ್ಚಿತು. ವಾಕ್ಯವನ್ನು ಅಳೆಯುವುದೇ ಅಲ್ಲವೆ ವಿಮರ್ಶೆಯ ಕೆಲಸ? ನಾವು ಅದನ್ನು ಕವಿಗಳಿಗೂ ಕಾದಂಬರಿಕಾರರಿಗೂ ಮೀಸಲಿಟ್ಟೆವು. ಅನ್ನಕ್ಕಾಗಿ ಬರೆಯುವವರ ವಾಕ್ಯವನ್ನು ಗಮನಿಸುವುದು ನಮ್ಮ ಘನತೆಗೆ ಕಡಿಮೆಯೆಂದುಕೊಂಡೆವು. ಅಳೆಯಬೇಕಾದವರು ಸುಮ್ಮನಿದ್ದರೆ, ಒಳ್ಳೆಯ ವಾಕ್ಯಕ್ಕೂ ಹೇಗೋ ತುಂಬಿದ ವಾಕ್ಯಕ್ಕೂ ಒಂದೇ ಬೆಲೆ ಬೀಳುತ್ತದೆ. ಆಮೇಲೆ ಅದನ್ನು ಯಂತ್ರ ಬರೆದರೇನು, ಮನುಷ್ಯ ಬರೆದರೇನು ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿರುವುದಿಲ್ಲ.

ಬರಬೇಕಾದ ಆ ಕಾದಂಬರಿ ಹೇಗಿರಬೇಕೆಂದು ವಿಧಿಸಲು ನಾನು ಯಾರು? ಕಾಯುವುದರಲ್ಲಿ ಘಟನೆಯಿಲ್ಲ, ಆದ್ದರಿಂದ ಅದನ್ನು ಬರೆಯುವುದು ಕಷ್ಟ ಎಂಬುದಷ್ಟನ್ನು ಬಲ್ಲೆ. ಆದರೆ ನಾಗಪ್ಪನ ಒಂದು ಪತ್ರದಿಂದ ಅಷ್ಟು ದೊಡ್ಡ ಕೃತಿ ಹುಟ್ಟಿತು. ಬಾರದೆ ಉಳಿದ ಪತ್ರದಿಂದಲೂ ಒಂದು ಹುಟ್ಟಬಹುದು. ಅದನ್ನು ಬರೆಯಬಲ್ಲವರು ಈ ಹೊತ್ತು ಬಹುಶಃ ವೈಟ್‌ಫೀಲ್ಡಿನ ಯಾವುದೋ ಕಟ್ಟಡದ ಮುಂಭಾಗದಲ್ಲಿ, ಕರೆಯುವರೆಂದು ಕುಳಿತಿರಬೇಕು.

ನನ್ನ ಪಾಲಿನ ಕೆಲಸ ಅದಕ್ಕಿಂತ ಸಣ್ಣದು. ಆಕೆಯ ಆ ಮೂರು ಲೇಖನಗಳನ್ನು ಕೇಳಿ ತರಿಸಿಕೊಂಡೆ. ಎರಡು ಸಾಧಾರಣ. ಮೂರನೆಯದರಲ್ಲಿ ಎರಡನೆಯ ಪ್ಯಾರಾ ಬೇಡ, ಉಳಿದದ್ದು ಸೊಗಸಾಗಿದೆ. ಹಾಗೆಂದು ಅಂಚಿನಲ್ಲಿ ಬರೆದು ಕಳುಹಿಸಿದ್ದೇನೆ.