ಆನೆಗೆ ದಾರಿ ಬಿಟ್ಟ ಮನೆ

ಮಕ್ತಲ್, ನಾರಾಯಣಪೇಟೆ ಸೀಮೆಯವರಾದ ನಮಗೆ ನೀರಿನ ಸದ್ದು ಎಂದರೆ ಕೃಷ್ಣೆಯ ಸದ್ದು. ಅದೂ ಮಳೆಗಾಲದಲ್ಲಿ ಮಾತ್ರ. ಬೇಸಿಗೆ ಬಂತೆಂದರೆ ಹೊಳೆ ಬಂಡೆಗಳ ನಡುವೆ ಮಡುಗಟ್ಟಿ ನಿಂತುಬಿಡುತ್ತದೆ. ದಕ್ಷಿಣ ಕೊಡಗಿನ ತೆರಾಲು ಹತ್ತಿರದ ಸಾಯಿ ಸ್ಯಾಂಕ್ಚುಯರಿ ಎಂಬ ಖಾಸಗಿ ಅಭಯಾರಣ್ಯದ ಅತಿಥಿ ಕಾಟೇಜಿನಲ್ಲಿ ಮೊದಲ ರಾತ್ರಿ ನನಗೆ ನಿದ್ದೆ ಹತ್ತದಿದ್ದುದು ಅದಕ್ಕೇ ಇರಬೇಕು. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು, ಮರಗಳು ಮಾತ್ರ ಇನ್ನೂ ತೊಟ್ಟಿಕ್ಕುತ್ತಿದ್ದವು. ಕೆಳಗೆ ತೊರೆ ಒಂದೇ ಸಮನೆ ಹರಿಯುತ್ತಿತ್ತು. ನಿದ್ದೆಗೆಟ್ಟ ಬೇಸರವೇ ಆಗಲಿಲ್ಲ.

ಸೌಕರ್ಯವನ್ನು ಎಣಿಸಿ ನೋಡುವವರಿಗೆ ಇಲ್ಲಿ ಸಿಗುವುದು ಕಡಿಮೆ. ಸೌರಶಕ್ತಿಯ ದೀಪ, ಸಸ್ಯಾಹಾರದ ಊಟ, ಸುತ್ತ ಕಾಡು. ನನಗೆ ಹಿಡಿಸಿದ್ದು ಆ ಮನೆಯ ಮರ್ಯಾದೆ. ಅಲ್ಲಿ ಮೊದಲ ಅತಿಥಿ ಆನೆ, ಆಮೇಲೆ ನಾವು.

ಈ ಅಭಯಾರಣ್ಯವನ್ನು ಕಟ್ಟಿದವರು ಅನಿಲ್ ಮಲ್ಹೋತ್ರಾ ಮತ್ತು ಪಮೇಲಾ ಮಲ್ಹೋತ್ರಾ. ಹವಾಯಿ ದ್ವೀಪದಲ್ಲಿ ನೆಲೆಸಿದ್ದ ದಂಪತಿ ಅಲ್ಲಿನ ಆಸ್ತಿ ಮಾರಿ, 1991ರಲ್ಲಿ ಬ್ರಹ್ಮಗಿರಿಯ ಮಗ್ಗುಲಲ್ಲಿ 55 ಎಕರೆ ಕೊಂಡರು. ಕಾಫಿಯೂ ಬಾರದು, ಬೇರೇನೂ ಬೆಳೆಯದು ಎಂದು ಒಡೆಯ ಕೈಬಿಟ್ಟ ಜಮೀನು ಅದು. ತೊರೆಯ ಈ ದಡದಲ್ಲಿ ತಾವು ಕಾಡು ಕಾಯ್ದರೂ, ಆ ದಡದಲ್ಲಿ ಬೇರೆಯವರು ಕೀಟನಾಶಕ ಹೊಡೆಯುತ್ತಿದ್ದರೆ ಏನು ಬಂತು? ಹಾಗಾಗಿ ಆಚೆ ದಡವನ್ನೂ ಕೊಂಡರು. ಸುತ್ತಲಿನ ರೈತರು ಮಾರುತ್ತ ಬಂದಂತೆ ಇವರು ಕೊಳ್ಳುತ್ತ ಹೋದರು. ಹೀಗೆ ಸುಮಾರು 300 ಎಕರೆಯಾಯಿತು. ಕಾಡು ಮೂಡಲು ಇವರು ಮಾಡಿದ ಬಹುಪಾಲು ಕೆಲಸ ಅದರ ತಂಟೆಗೆ ಹೋಗದಿರುವುದು, ತಂಟೆಗೆ ಬಂದವರನ್ನು ತಡೆಯುವುದು. ಎರಡನೆಯದು ಸಣ್ಣ ಕೆಲಸವಲ್ಲ, ಬೇಟೆಗಾರರು ಬಂದೂಕು ಹಿಡಿದು ಬರುವ ನಾಡಿನಲ್ಲಂತೂ ಅಲ್ಲ. ಪಮೇಲಾ ಅವರಿಗೆ ನಾರಿ ಶಕ್ತಿ ಪುರಸ್ಕಾರ ಬಂತು. ಅನಿಲ್ 2021ರಲ್ಲಿ ತೀರಿಕೊಂಡರು.

ಬೆಳಿಗ್ಗೆ ಕಾಲುದಾರಿಯಲ್ಲಿ ಆನೆಯ ಲದ್ದಿ ಬಿದ್ದಿತ್ತು. ಕುಕ್ಕರಗಾಲಲ್ಲಿ ಕೂತು ನೋಡಿದೆ. ಜಗಿದು ನಾರಾದ ಬಿದಿರು, ನಡುವೆ ಹಲಸಿನ ಬೀಜಗಳು, ಇಡಿಯಾಗಿಯೇ. ಒಂದು ಬೀಜ ಆಗಲೇ ಬಿರಿದು ಬಿಳಿ ಮೊಳಕೆಯನ್ನು ಮಣ್ಣಿನತ್ತ ಇಳಿಸಿತ್ತು. ಪಕ್ಕದಲ್ಲಿ ಉಗುರಿನಷ್ಟೂ ಇಲ್ಲದ ಅಣಬೆ ಎರಡು ಕೊಡೆ ಬಿಚ್ಚಿದ್ದವು. ನೋಡುತ್ತ ಕೂತವನ ಹಿಮ್ಮಡಿಗೆ ಇಂಬಳ ಹತ್ತಿದ್ದು ರಕ್ತ ಸೋರಿದ ಮೇಲೆಯೇ ತಿಳಿದದ್ದು. ಮೇಲೆ ಕೆಂಜಳಿಲೊಂದು ಕೊಂಬೆಯಿಂದ ಕೊಂಬೆಗೆ ಜಿಗಿದಾಗ ಹನಿಗಳೆಲ್ಲ ತಲೆಯ ಮೇಲೆ ಸುರಿದವು. ಮಂಗಟ್ಟೆ ಹಕ್ಕಿ ಕಾಣಲಿಲ್ಲ. ರೆಕ್ಕೆ ಬೀಸುವ ಸದ್ದು ಮಾತ್ರ ತಲೆಯ ಮೇಲೆ ಹಾದುಹೋಯಿತು. ಅಷ್ಟಕ್ಕೇ ಮೈ ಜುಮ್ಮೆಂದಿತು.

ಕಾಫಿ, ಏಲಕ್ಕಿ ಗಿಡಗಳೂ ಇಲ್ಲಿವೆ, ಹೆಮ್ಮರಗಳ ನೆರಳಿನಲ್ಲೇ. ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಹುಡುಕುತ್ತ ನಡೆದೆ. ಗದ್ವಾಲ್ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಹಾಗಿತ್ತು ಆ ಸೇರುವೆ. ಎರಡೂ ಬೇರೆ ಬೇರೆ ಎಂದು ಕಣ್ಣಿಗೆ ಕಾಣುತ್ತದೆ, ಆದರೆ ಬಿಡಿಸಲು ಬರುವುದಿಲ್ಲ.

ಊರಿಗೆ ಮರಳಿದ ಮೇಲೂ ಒಂದು ಆಸೆ ಕಾಡುತ್ತಿದೆ. ನಮ್ಮ ಕೃಷ್ಣಾ ತೀರದ ಹೊಲಗಳಲ್ಲಿ ಜಿಂಕೆ ಹಿಂಡುಗಳಿವೆ, ಸುರುಳಿಗೊಂಬಿನ ಕೃಷ್ಣಮೃಗಗಳು. ಬಿತ್ತಿದ ಪೈರು ಮೇಯುತ್ತವೆ. ರೈತನ ಸಿಟ್ಟು ನ್ಯಾಯವಾದದ್ದೇ. ಅವಕ್ಕೆ ಬೇಕಾದದ್ದು ಮಳೆಕಾಡಲ್ಲ, ಹುಲ್ಲುಗಾವಲು. ಕೈಯಲ್ಲಿ ಹಣವಿರುವ ಯಾರಾದರೂ ಮಕ್ತಲ್ ಆಸುಪಾಸಿನ ಬೀಳು ನೆಲವನ್ನು ಕೊಂಡು, ಹುಲ್ಲು ಬೆಳೆಯಲು ಬಿಟ್ಟು, ಪಕ್ಕದಲ್ಲಿ ಎರಡು ಕೋಣೆಯ ಮನೆ ಕಟ್ಟಲಿ. ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಲು ನಮ್ಮೂರಿನ ಹೆಣ್ಣುಮಕ್ಕಳಿದ್ದಾರೆ.