ಕಾವಲು ಎಂಬ ಪದದ ಒಳಗೆ

ಕನ್ನಡದಲ್ಲಿ ‘ಕಾವಲು’ ಎಂದರೆ ಪಹರೆ. ದನ ಮೇಯುವ ಹುಲ್ಲುಗಾವಲೂ ಕಾವಲೇ. ಈ ಎರಡೂ ಅರ್ಥಗಳು ಒಂದೇ ನೆಲದ ಮೇಲೆ ಎದುರುಬದುರು ನಿಂತಿರುವ ಜಾಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಅಲ್ಲಿನ ವರವು ಕಾವಲಿನ 4,290 ಎಕರೆಯಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ, ಅಂದರೆ ಡಿಆರ್‌ಡಿಒದ, ವೈಮಾನಿಕ ಪರೀಕ್ಷಾ ವಲಯ ಇದೆ. 2017ರ ಮೇ 28ರಂದು ಅದರ ಉದ್ಘಾಟನೆಯಾಯಿತು. ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿದೆ. ಬಾಬಾ ಅಣು ಸಂಶೋಧನಾ ಕೇಂದ್ರಕ್ಕೂ ಇಸ್ರೊಗೂ ಅಲ್ಲೇ ಪಾಲುಂಟು.

ಈ ಕಾವಲಿನ ಬಗ್ಗೆ ಪತ್ರಿಕಾ ವರದಿಗಳಿವೆ, ನ್ಯಾಯಮಂಡಳಿಯ ಕಡತಗಳಿವೆ. ನನ್ನ ಕುತೂಹಲ ಬೇರೆ. ಒಂದು ಪ್ರಯೋಗಾಲಯವನ್ನೂ ಅದರ ಸುತ್ತಲಿನ ಊರುಗಳನ್ನೂ ಒಟ್ಟಿಗೆ ನೋಡುವುದನ್ನು ನಾವು ಓದುವ ಪುಸ್ತಕಗಳು ನಮಗೆ ಕಲಿಸಿವೆಯೇ?

ನಮ್ಮ ಬ್ಯಾಡಗಿ, ರಾಣೆಬೆನ್ನೂರು ಕಡೆಯ ಕಾಲೇಜು ಹುಡುಗರು ಕತೆ ಕಾದಂಬರಿ ಓದದಿದ್ದರೂ ಅಬ್ದುಲ್ ಕಲಾಂ ಅವರ ಆತ್ಮಕಥೆಯನ್ನು ಓದಿರುತ್ತಾರೆ. 1999ರಲ್ಲಿ ಬಂದ ‘ವಿಂಗ್ಸ್ ಆಫ್ ಫೈರ್’ ಕನ್ನಡಕ್ಕೂ ಬಂದು ಎಷ್ಟೋ ಮನೆಗಳ ಕಪಾಟು ಸೇರಿದೆ. ಅದನ್ನು ಸ್ಫೂರ್ತಿಯ ಪುಸ್ತಕವೆಂದು ಮೂಲೆಗೆ ಸರಿಸುವುದು ವಿಮರ್ಶಕರ ಸೋಮಾರಿತನ. ನನ್ನ ಮಟ್ಟಿಗೆ ಅದು ಒಂದು ಸಮುದಾಯದ ಕಥನ. ಬೆಂಗಳೂರಿನ ಪ್ರಯೋಗಾಲಯದಲ್ಲಿ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ಕಟ್ಟಿದ್ದು, ಅದರಲ್ಲಿ ಕೃಷ್ಣ ಮೆನನ್ ಅವರನ್ನು ಕೂರಿಸಿಕೊಂಡು ಹೋದದ್ದು, 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದದ್ದು, ಮರುವರ್ಷದ ಜುಲೈನಲ್ಲಿ ಗೆದ್ದದ್ದು, ಇವೆಲ್ಲ ಒಂದು ದೊಡ್ಡ ಮನೆತನದ ಕಥೆಯ ಹಾಗೆ ಬರುತ್ತವೆ. ಹಿರಿಯರಿದ್ದಾರೆ, ಮುನಿಸಿದೆ, ಸೋತವನ ಬೆನ್ನು ತಟ್ಟುವ ಕೈಗಳಿವೆ. ಒಳಗಿನ ಬದುಕನ್ನು ಇಷ್ಟು ಬೆಚ್ಚಗೆ ಬರೆದ ಪುಸ್ತಕ ಆ ಲೋಕದಿಂದ ಬಂದದ್ದು ಕಡಿಮೆ.

ಹೊರಗಿನವರು ಬರುವಾಗ ಮಾತ್ರ ಈ ಪುಸ್ತಕದ ದನಿ ಬದಲಾಗುತ್ತದೆ. ತುಂಬಾದ ಮೇರಿ ಮ್ಯಾಗ್ಡಲೀನ್ ಚರ್ಚಿನ ಪ್ರಾರ್ಥನೆಯ ಕೋಣೆ ತಮ್ಮ ಮೊದಲ ಪ್ರಯೋಗಾಲಯವಾಯಿತು, ಬಿಷಪ್ಪರ ಕೋಣೆಯಲ್ಲಿ ನಕಾಶೆ ಬರೆಯುತ್ತಿದ್ದೆ ಎನ್ನುತ್ತಾರೆ ಕಲಾಂ. ಚಿತ್ರ ಚೆನ್ನಾಗಿದೆ, ಓದಿದವರು ಮರೆಯುವುದಿಲ್ಲ. ಅಲ್ಲಿ ಬಲೆ ಒಣಗಿಸುತ್ತಿದ್ದವರು ಎಲ್ಲಿಗೆ ಹೋದರು, ಹೊಸ ಜಾಗದಲ್ಲಿ ಕಡಲು ಎಷ್ಟು ದೂರವಾಯಿತು ಎಂದು ಕೇಳುವ ಪುಟ ಮಾತ್ರ ಇಲ್ಲ. ಮುಂದೆ ಇದೇ ತುಂಬಾದ ಪ್ರಸಂಗವನ್ನು ಅವರು ಎಷ್ಟೋ ವೇದಿಕೆಗಳಲ್ಲಿ ಹಿಗ್ಗಿಸಿ ಹೇಳಿದರು: ಭಾನುವಾರದ ಪ್ರಾರ್ಥನೆಗೆ ಸೇರಿದ ಜನರನ್ನು ಬಿಷಪ್ಪರು, ವಿಜ್ಞಾನಕ್ಕಾಗಿ ನಿಮ್ಮ ದೇವರ ಮನೆಯನ್ನು ಕೊಡೋಣವೇ ಎಂದು ಕೇಳಿದರು, ಜನ ಆಮೆನ್ ಎಂದರು. ಈ ಕಥೆ ಎಷ್ಟು ಸರಳಗೊಂಡಿದೆ ಎಂಬ ತಕರಾರು ಇರಲಿ. ಕಥೆಯ ನಡುವೆ ಒಂದು ಪ್ರಶ್ನೆ ಇದೆ, ಕೇಳಿಸಿಕೊಂಡವರಿದ್ದಾರೆ, ಉತ್ತರವಿದೆ. ಒಪ್ಪಿಗೆ ಇಲ್ಲದೆ ಕಥೆ ನಿಲ್ಲದು ಎಂದು ಹೇಳುವವರಿಗೇ ಅನ್ನಿಸಿರಬೇಕು.

ಚಳ್ಳಕೆರೆಯ ಕಥೆಯಲ್ಲಿ ಕಾಣದಿರುವುದು ಈ ಕೇಳುವ ಕೆಲಸವೇ. ಕಾವಲಿನ ಜಮೀನು ಕೈಬದಲಾದ ಸಂಗತಿ ಎಷ್ಟೋ ಹಳ್ಳಿಗಳಿಗೆ ತಿಳಿದದ್ದು ಬೇಲಿ, ಗೋಡೆ ಏಳತೊಡಗಿದ ಮೇಲೆ ಎಂದು ಅಲ್ಲಿನವರು ಹೇಳುತ್ತ ಬಂದಿದ್ದಾರೆ. ವಿಷಯ 2013ರಲ್ಲಿ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು, 2014ರ ಆಗಸ್ಟಿನಲ್ಲಿ ತೀರ್ಪು ಬಂತು, ಕಾಮಗಾರಿ ನಡೆಯಿತು. ಇಂಥ ಸಂದರ್ಭದ ಸರಕಾರಿ ಕನ್ನಡವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಜಮೀನು ‘ಹಸ್ತಾಂತರಿಸಲಾಗಿದೆ’, ಕಾವಲು ‘ಗುರುತಿಸಲಾಗಿದೆ’. ಕ್ರಿಯಾಪದ ಉಂಟು, ಕರ್ತೃ ಇಲ್ಲ. ವ್ಯಾಕರಣದ ತರಗತಿಯಲ್ಲಿ ಕರ್ಮಣಿ ಪ್ರಯೋಗ ಯಾಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಹಾಗೆಂದು ಕಾವಲು ಮೊದಲು ಯಾರದ್ದೂ ಅಲ್ಲದ ಸ್ವರ್ಗವಾಗಿತ್ತು, ಸೇನೆ ಬಂದು ಕೆಡಿಸಿತು ಎನ್ನುವ ಓದೂ ಹುಸಿ. ಈ ಕಾವಲುಗಳೇ ಸೇನೆಯ ಸೃಷ್ಟಿ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಹೈದರನ ಕೈಯಲ್ಲಿ ಬೆಳೆದು, ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಹೆಸರಿನಲ್ಲಿ ಬೆಣ್ಣೆ, ಅಮೃತ. ಕೆಲಸ ಫಿರಂಗಿ ಎಳೆಯುವುದು. ಸಾಮಾನು ಹೊತ್ತು ದಿನಗಟ್ಟಲೆ ನಡೆಯಬಲ್ಲ ಎತ್ತುಗಳಿಗಾಗಿ ತಳಿ ಆಯ್ದರು, ಮೇವಿನ ನೆಲ ಕಾಯ್ದಿರಿಸಿದರು, ದನಗಳ ಲೆಕ್ಕ, ಆರೈಕೆಗೆ ಟಿಪ್ಪು ಹುಕುಂನಾಮೆಯನ್ನೇ ಹೊರಡಿಸಿದ. 1799ರ ನಂತರ ಇಂಗ್ಲಿಷರು ಅರಮನೆಯ ಜೊತೆಗೆ ಈ ದನಗಳನ್ನೂ ವಶಕ್ಕೆ ತೆಗೆದುಕೊಂಡರು. ಆರ್ಥರ್ ವೆಲ್ಲೆಸ್ಲಿಯ ದಂಡು ಇವುಗಳ ಹೆಗಲ ಮೇಲೆ ಸಾಗಿತು. ತನ್ನ ಕಾಲಕ್ಕೆ ಇದು ರಕ್ಷಣಾ ಸಂಶೋಧನೆಯೇ. ವ್ಯತ್ಯಾಸ ಒಂದಿದೆ. ಆ ಸಂಶೋಧನೆ ದನಗಾಹಿಯಿಲ್ಲದೆ ನಡೆಯುತ್ತಿರಲಿಲ್ಲ. ಯಾವ ಹೋರಿಗೆ ಯಾವ ಹಸು, ಯಾವ ತಿಂಗಳು ಯಾವ ಕಾವಲು ಎಂಬ ತಿಳಿವಳಿಕೆ ಗೊಲ್ಲರ ಹಟ್ಟಿಯಲ್ಲಿತ್ತು. ದೊರೆಯ ದನದ ನಡುವೆ ಊರಿನ ಕುರಿಗೂ ಹೇಗೋ ಜಾಗವಿತ್ತು. ಈಗಿನ ಪ್ರಯೋಗಾಲಯಕ್ಕೆ ಬೇಕಾದದ್ದು ಬಯಲು ಮಾತ್ರ. ಬಯಲಿನವರ ತಿಳಿವಳಿಕೆಗೆ ಅಲ್ಲಿ ಕೆಲಸವಿಲ್ಲ.

ಆ ತಿಳಿವಳಿಕೆ ಎಷ್ಟು ದೊಡ್ಡದು ಎನ್ನುವುದಕ್ಕೆ ಅದೇ ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾಕು. ಅಕ್ಷರ ಕಲಿಯದ ಈ ಕಾಡುಗೊಲ್ಲ ಹೆಂಗಸಿನ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಕೊಟ್ಟಿದ್ದಾರೆ. ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಊದಿಕೊಂಡು ಹಾಡುವ ಜುಂಜಪ್ಪನ ಕಾವ್ಯವೂ ದನಕರುಗಳ ಕಾವ್ಯವೇ. ಜಾನಪದದ ಪತ್ರಿಕೆಯಲ್ಲಿ ನಾವು ಜುಂಜಪ್ಪನನ್ನು ‘ಸಾಂಸ್ಕೃತಿಕ ವೀರ’ ಎಂದು ಓದಿ ಅಂಕ ಪಡೆಯುತ್ತೇವೆ. ಆ ಕಾವ್ಯ ಹುಟ್ಟಿದ ಹುಲ್ಲು ಈಗ ಯಾರ ಹೆಸರಿನಲ್ಲಿದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಪ್ರಯೋಗಾಲಯಕ್ಕೂ ಕಾವ್ಯದ ಗೀಳು ಉಂಟು ಎನ್ನುವುದು ತಮಾಷೆ. ಅಗ್ನಿ, ಪೃಥ್ವಿ, ತ್ರಿಶೂಲ, ಆಕಾಶ, ನಾಗ್. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟ ಇಸ್ರೊದ ರೆಕ್ಕೆಯುಳ್ಳ ವಾಹನ ತಾನಾಗಿಯೇ ಬಂದು ಇಳಿದದ್ದು ಇದೇ ಪರೀಕ್ಷಾ ವಲಯದ ರನ್‌ವೇ ಮೇಲೆ. ಮರುವರ್ಷ ಇಳಿದದ್ದರ ಹೆಸರು ‘ಪುಷ್ಪಕ್’. ಈ ಹೆಸರುಗಳಲ್ಲಿ ನನಗೆ ಇಷ್ಟವಾದದ್ದು ‘ರುಸ್ತುಂ’ ಒಂದೇ. ಅದು ಬೆಂಗಳೂರಿನ ಎನ್‌ಎಎಲ್‌ನಲ್ಲಿ ಹಗುರ ವಿಮಾನ ಕಟ್ಟಿದ ರುಸ್ತುಂ ದಮಾನಿಯಾ ಅವರ ನೆನಪಿಗೆ ಇಟ್ಟದ್ದು. ಜೊತೆಯಲ್ಲಿ ದುಡಿದವನನ್ನು ನೆನೆಯುವುದು ಸಮುದಾಯದ ಗುಣ. ಆದರೆ ಆ ನೆನಪು ಗೋಡೆ ದಾಟುವುದಿಲ್ಲ.

ರಕ್ಷಣೆ ಬೇಡ ಎನ್ನುವ ವಾದ ನನ್ನದಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೂ ರಾತ್ರಿ ಕಾವಲುಗಾರ ಬೇಕು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹಳ್ಳಿಶಾಲೆಯ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ, ಅದು ಒಳ್ಳೆಯ ಕೆಲಸ. ಹುಲ್ಲುಗಾವಲನ್ನು ‘ಪಾಳು’ ಎಂದು ಕರೆಯುವ ರೋಗವೂ ಸೇನೆಗಷ್ಟೇ ಅಂಟಿದ್ದಲ್ಲ. ನಮ್ಮ ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ, ಎರೆಭೂತ ಹಕ್ಕಿ ಓಡಾಡುತ್ತಿದ್ದ ಬಯಲಿನಲ್ಲಿ, ನೀಲಗಿರಿ ನೆಟ್ಟವರು ಅರಣ್ಯದವರೇ.

ಇನ್ನು ಕನ್ನಡ ಕಾದಂಬರಿಗೆ ಬರೋಣ. ವಿಜ್ಞಾನಿ ಮತ್ತು ಊರಿನ ಸಂಬಂಧಕ್ಕೆ ನಮ್ಮಲ್ಲಿರುವ ದೊಡ್ಡ ಮಾದರಿ 1980ರ ‘ಕರ್ವಾಲೋ’. ತೇಜಸ್ವಿಯವರ ಕರ್ವಾಲೋಗೆ ಪದವಿ ಇದೆ, ಉಪಕರಣಗಳಿವೆ. ಆದರೆ ಮಂದಣ್ಣನ ಕಣ್ಣಿಲ್ಲದೆ ಹಾರುವ ಓತಿಯ ಬೆನ್ನು ಹತ್ತಲು ಆಗುವುದಿಲ್ಲ. ಜೇನು ಹಿಡಿಯುವ, ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಹುಡುಗ ಅಲ್ಲಿ ವಿಜ್ಞಾನಿಯ ಸಹಪಾಠಿ. ಈ ಮಾದರಿ ನಮಗೆ ಎಷ್ಟು ಹಿಡಿಸಿತೆಂದರೆ, ವಿಜ್ಞಾನ ಎಂದರೆ ಕರ್ವಾಲೋ ಎಂದೇ ನಂಬಿ ಕೂತೆವು. ಗುರುತಿನ ಚೀಟಿ ತೋರಿಸದೆ ಒಳಗೆ ಬಿಡದ, ಒಳಗೆ ಏನು ನಡೆಯುತ್ತದೆಂದು ಹೆಂಡತಿಗೂ ಹೇಳಬಾರದ ವಿಜ್ಞಾನಕ್ಕೆ ನಮ್ಮ ಕಥೆಗಳಲ್ಲಿ ಜಾಗ ಸಿಗಲಿಲ್ಲ. ಬೆಂಗಳೂರು ಇಂಥ ಪ್ರಯೋಗಾಲಯಗಳ ನಗರ. ಅವುಗಳಲ್ಲಿ ದುಡಿದು ನಿವೃತ್ತರಾದ ಕನ್ನಡ ಓದುಗರು ಸಾವಿರಾರು ಜನ ಇದ್ದಾರೆ. ಗುಟ್ಟು ಕಾಯುವುದು ಮನುಷ್ಯನ ಸಂಸಾರಕ್ಕೆ, ಮಾತಿಗೆ ಏನು ಮಾಡುತ್ತದೆ ಎನ್ನುವುದು ಕಾದಂಬರಿಗೆ ಹೇಳಿ ಮಾಡಿಸಿದ ವಸ್ತು. ಕುರಿ ಮೇಯಿಸಿದ ನೆಲದಲ್ಲೇ ಸಮವಸ್ತ್ರ ತೊಟ್ಟು ಗೇಟು ಕಾಯುವ ಹುಡುಗನೂ ಅಷ್ಟೇ.

ನಮ್ಮ ಕದರಮಂಡಲಗಿಯ ಕಾಂತೇಶನ ಗುಡಿಯಲ್ಲಿ ಕುಳಿತು ಕನಕದಾಸರು ‘ಮೋಹನತರಂಗಿಣಿ’ ಬರೆದರೆಂಬ ಪ್ರತೀತಿ ಇದೆ. ಬಾಡದ ದಂಡನಾಯಕನಾಗಿದ್ದವರು ಅವರು, ಕತ್ತಿಯ ಕಾವಲು ಬಲ್ಲವರು. ಈ ಚರ್ಚೆಗೆ ನನಗೆ ಬೇಕಾದದ್ದು ಅವರ ‘ರಾಮಧಾನ್ಯಚರಿತೆ’. ಭತ್ತ, ರಾಗಿಗಳ ಜಗಳ ರಾಮನ ಮುಂದೆ ಬಂದಾಗ ಆತ ತಕ್ಷಣ ತೀರ್ಪು ಕೊಡುವುದಿಲ್ಲ, ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಭತ್ತ ಬಾಡುತ್ತದೆ, ರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಬಡವರ ಧಾನ್ಯ ಗೆದ್ದಿತು ಎಂದಷ್ಟೇ ಇದನ್ನು ಪಾಠ ಮಾಡುತ್ತಾರೆ. ಪರೀಕ್ಷೆಯ ನಿಯಮ ಇಬ್ಬರಿಗೂ ಒಂದೇ ಆಗಿತ್ತು ಎನ್ನುವುದು ನನಗೆ ಹೆಚ್ಚು ಮುಖ್ಯ. ಕಾವಲಿನಲ್ಲಿ ನಡೆಯುವ ಪರೀಕ್ಷೆಗಳಲ್ಲಿ ಬೇಲಿಯ ಹೊರಗಿನವರೂ ಒಳಗಾಗಿದ್ದಾರೆ, ನಿಯಮ ಮಾತ್ರ ಅವರಿಗೆ ತಿಳಿದಿಲ್ಲ.

2019ರ ಸೆಪ್ಟೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಹಾರಾಟದ ಪರೀಕ್ಷೆಯ ನಡುವೆ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟಕ್ಕೆ ಬಿತ್ತು. ಜನ ಓಡಿಬಂದು ನೆರೆದರು. ಗೋಡೆಯ ಒಳಗಿನದನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಬಹುಶಃ ಅದೇ ಮೊದಲು. ಆ ತೋಟದ ಕಡೆಯಿಂದ ನಿಂತು ಬರೆದ ಒಂದು ಕಥೆ ನನಗಿನ್ನೂ ಸಿಕ್ಕಿಲ್ಲ. ಬರೆದವರಿದ್ದರೆ ಕಳಿಸಿ, ಓದುತ್ತೇನೆ.