ಕರ್ಣದ ಸಾಕ್ಷಿ

ನಾಲ್ಕು ಮರದ ಪಟ್ಟಿ ತೆಗೆದುಕೊಳ್ಳಿ. ಮೊಳೆಯಿಂದ ಮೊಳೆಗೆ ಎರಡು 40 ಸೆಂಟಿಮೀಟರ್, ಇನ್ನೆರಡು 30 ಬರುವಂತೆ, ಮೂಲೆಗೊಂದೇ ಮೊಳೆ ಹೊಡೆದು ಕೂಡಿಸಿ. ಆಯತ ಆಯಿತೇ? ಒಂದು ಮೂಲೆ ಹಿಡಿದು ಮೆಲ್ಲಗೆ ಒತ್ತಿ ನೋಡಿ, ಚೌಕಟ್ಟು ವಾಲುತ್ತದೆ. ಬದಿಗಳ ಅಳತೆ ಕೂದಲೆಳೆಯಷ್ಟೂ ಬದಲಾಗಿಲ್ಲ, ಕೆಟ್ಟಿರುವುದು ಮೂಲೆ. ಎದುರು ಬದಿಗಳು ಸಮವಾದ ಮಾತ್ರಕ್ಕೆ ಆಯತವಾಗದು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ನನಗೆ ಅರ್ಥವಾದದ್ದು ಮೊದಲ ಚೌಕಟ್ಟು ಕೈಯಲ್ಲಿ ಹೀಗೆ ವಾಲಿದ ದಿನ.

ವಾಲಿದ್ದು ಒಂದೇ ಡಿಗ್ರಿ ಎನ್ನಿ. ಕಣ್ಣಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಈಗ ಎದುರುಬದುರು ಮೊಳೆಗಳ ನಡುವೆ ಟೇಪು ಹಿಡಿಯಿರಿ. 50 ಇರಬೇಕಾದ ಕರ್ಣಗಳಲ್ಲಿ ಒಂದು 50.4, ಇನ್ನೊಂದು 49.6 ಆಗಿರುತ್ತದೆ. ಹೆಚ್ಚುಕಡಿಮೆ 8 ಮಿಲಿಮೀಟರ್ ವ್ಯತ್ಯಾಸ! ಉದ್ದ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತುತ್ತಾ ಹೋಗಿ, ಎರಡೂ ಸಮವಾದಾಗ ನಿಲ್ಲಿಸಿ. ನಾಲ್ಕು ಮೂಲೆಯೂ ನೇರ್ಪಾಗಿರುತ್ತದೆ. ಮೇಲೊಂದು ಓರೆ ಪಟ್ಟಿ ಜಡಿದರೆ ಚೌಕಟ್ಟು ಮತ್ತೆ ಅಲುಗದು. ಓರೆ ಪಟ್ಟಿ ಚೌಕಟ್ಟನ್ನು ಎರಡು ತ್ರಿಕೋನವಾಗಿಸುತ್ತದೆ; ತ್ರಿಕೋನದ ಬದಿಗಳು ನಿಂತರೆ ಕೋನಗಳೂ ನಿಂತಂತೆ. ಮರದ ಗೇಟಿನ ಹಿಂದೆ ಓರೆ ಪಟ್ಟಿ ಇರುವುದು ಇದಕ್ಕೇ.

ಮನೆ ಪಾಯ ಹಾಕುವಾಗ ಮೇಸ್ತ್ರಿಯೂ ಮೂಲೆ ನೋಡಲು ಕರ್ಣವನ್ನೇ ಅಳೆಯುತ್ತಾನೆ: ದಾರ ಕಟ್ಟಿ, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವೆ 5 ಅಡಿ ಬಂತೇ ಎಂದು ನೋಡುತ್ತಾನೆ. ಯಜ್ಞವೇದಿಯ ಅಳತೆ ಹೇಳುವ ಬೌಧಾಯನ ಶುಲ್ಬಸೂತ್ರದಲ್ಲೂ 3-4, 5-12, 8-15ರಂಥ ಬದಿಗಳ ಜೋಡಿಗಳಿವೆ. ಶುಲ್ಬವೆಂದರೆ ಹಗ್ಗ. ಈ ಗಣಿತ ಬೆಳೆದದ್ದು ನೆಲದ ಮೇಲೆ ಹಗ್ಗ ಎಳೆದವರ ಕೈಯಲ್ಲಿ.

ಮೂಲೆಮಟ್ಟವನ್ನೂ ಪರೀಕ್ಷಿಸದೆ ನಂಬಬಾರದು. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿಟ್ಟು ಗೆರೆ ಎಳೆಯಿರಿ. ಮಗುಚಿ ಇಟ್ಟು, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಕವಲೊಡೆದರೆ ಮಟ್ಟದ ತಪ್ಪಿನ ಎರಡರಷ್ಟು ಅಲ್ಲಿ ಕಾಣುತ್ತದೆ.

ಮರಗೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಇದನ್ನೇ: ಸಣ್ಣ ತಪ್ಪನ್ನು ಹಿಗ್ಗಿಸಿ, ತಿದ್ದಲು ಸಮಯವಿರುವಾಗಲೇ ಕಣ್ಣಿಗೆ ಹಿಡಿಯುವ ಜಾಣ್ಮೆ. ಈ ಜಾಣ್ಮೆ ಇಲ್ಲದಿದ್ದರೆ ತಪ್ಪು ತಾನಾಗಿಯೇ ಬೆಳೆಯುತ್ತದೆ. ಫೋಟೊ ಚೌಕಟ್ಟಿಗೆ 45 ಡಿಗ್ರಿಯ ಎಂಟು ಕೊಯ್ತ ಬೇಕು. ಪ್ರತಿಯೊಂದೂ ಅರ್ಧ ಡಿಗ್ರಿ ಕಡಿಮೆಯಾದರೆ, ಮೂರು ಮೂಲೆ ಬಿಗಿಯಾಗಿ ಕೂಡಿಸಿದ ಮೇಲೆ ಕೊನೆಯದರಲ್ಲಿ 4 ಡಿಗ್ರಿಯ ಸಂದು ಬಾಯಿಬಿಡುತ್ತದೆ.

ಈ ಭಾನುವಾರ ಮನೆಯ ಮಕ್ಕಳ ಕೈಗೆ ನಾಲ್ಕು ಪಟ್ಟಿ, ನಾಲ್ಕು ಮೊಳೆ, ಒಂದು ಟೇಪು ಕೊಡಿ. ಸೂತ್ರ ಹೇಳಬೇಡಿ. "ಮೂಲೆ ಸರಿ ಇದೆಯೇನಪ್ಪಾ?" ಎಂದಷ್ಟೇ ಕೇಳಿ. ಮಗು ಕಣ್ಣಳತೆಯ ಉತ್ತರ ಬಿಟ್ಟು, ತಾನಾಗಿಯೇ ಟೇಪನ್ನು ಓರೆಯಾಗಿ ಹಿಡಿಯುವವರೆಗೆ ಕಾಯಿರಿ.